ಬ್ಯಾರಲ್ ಉದ್ದ ಇದ್ರ ಗುರಿ ತಪ್ಪಂಗಿಲ್ಲೇನು? (ಭಾಗ 4)

ನಿನ್ನೆ ಕ್ಲಾಸ್‌ನಾಗ ಒಬ್ಬ ದೋಸ್ತ ಅಂದ: "ಉದ್ದ ಬ್ಯಾರಲ್ ರೈಫಲ್ ಒಂದಿದ್ರ ತೊಗರಿ ಹೊಲಕ್ಕ ಬರೋ ಚಿಗರಿ ಒಂದೇ ಗುಂಡಿಗೆ ಮುಗೀತಾವ." ಪಬ್‌ಜಿ ಆಡಿ ಆಡಿ ತಲ್ಯಾಗ ಕುಂತ ಮಾತಿದು!

ಬ್ಯಾರಲ್ ಉದ್ದ ಆದ್ರ ಗುಂಡಿಗೆ ವೇಗ ಸ್ವಲ್ಪ ಹೆಚ್ಚು ಸಿಗ್ತದ, ಅಷ್ಟೇ. ಗುರಿ ಕಾಯೋದು ಒಳಗಿನ ಸುರುಳಿ ಗೀರು. ಬುಗುರಿ ತಿರುಗೋ ತನಕ ನೆಟ್ಟಗ ನಿಲ್ತದಲ್ಲ, ಗುಂಡೂ ಹಂಗೇ. 10 ಇಂಚಿಗೆ ಒಂದು ಸುತ್ತು ಇರೋ ಬ್ಯಾರಲ್‌ನಿಂದ ಸೆಕೆಂಡಿಗೆ 2,700 ಅಡಿ ವೇಗದಾಗ ಹೊರಬಿದ್ದ ಗುಂಡು ಸೆಕೆಂಡಿಗೆ 3,240 ಸುತ್ತು ತಿರುಗ್ತದ (ಲೆಕ್ಕ ನೀವೇ ಹಾಕಿ ನೋಡ್ರಿ). ಗೀರಿಲ್ಲದ ನಾಡಬಂದೂಕಿಗೆ ಈ ತಿರುಗಾಟ ಇಲ್ಲ, ದೂರ ಹೋದಂಗ ಗುಂಡು ಎತ್ತೆತ್ತಲೋ ಹೋಗ್ತದ. ತೆಳ್ಳನ ಬ್ಯಾರಲ್ ಸಾಲಾಗಿ ಹೊಡದ್ರ ಕಾದು ಗುರಿ ಸರೀತದ. ಬಾಯಿ ಅಂಚು ಜಜ್ಜಿದ್ರೂ ಕೆಡ್ತದ.

ಇಷ್ಟೆಲ್ಲಾ ಸರಿ ಇದ್ರೂ ಓಡೋ ಚಿಗರಿ, ಮಬ್ಬು ಬೆಳಕು, ನಡುಗೋ ಕೈ ಇದ್ದೇ ಇರ್ತಾವ. ನಮ್ಮ ಕಡಿ ನೆಲ ಬಯಲು, ತಪ್ಪಿದ ಗುಂಡಿಗೆ ಅಡ್ಡ ಗುಡ್ಡ ಇಲ್ಲ, ಕಳೆ ತೆಗ್ಯೋ ಹೆಣ್ಮಕ್ಕಳಿರ್ತಾರ. ಅಲ್ಲದ ಚಿಗರಿ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯೊಳಗ ಅದ, ಹೊಡದ್ರ ಜೈಲೇ. ಗುರಿ ಚಟ ಇದ್ದವರು ಕೊಡಗಿನವರನ್ನ ನೋಡ್ರಿ, ಕೈಲ್‌ಪೊಳ್ದ್ ಹಬ್ಬದಾಗ ಮರದ ಮ್ಯಾಲಿನ ತೆಂಗಿನಕಾಯಿಗೆ ಹೊಡೀತಾರ.

ನಮ್ಮ ತೊಗರಿನೂ ಚಿಗರಿ ತಿಂದಾವ, ಸಿಟ್ಟು ನನಗೂ ಅದ. ಬೆಳಿ ಹಾನಿಗೆ ಅರಣ್ಯ ಇಲಾಖೆ ಪರಿಹಾರ ಅದ, ಫೋಟೋ ತಕ್ಕೊಂಡು ಅರ್ಜಿ ಹಾಕ್ರಿ. ನಾಳೆ ಐದಕ್ಕ ಅಪ್ಪನ ಕೂಡ ಡಬ್ಬಿ ಬಡ್ಯಾಕ ಹೊಲಕ್ಕ ಹೊಂಟೀನಿ.