ಉಳಿದ 104 ಎಲ್ಲಿ?

ಮೊನ್ನೆ ಲಂಡನ್ನಿನಲ್ಲಿರೋ ಗೆಳೆಯ ವಿಡಿಯೋ ಕಾಲ್‌ನಲ್ಲಿ ತನ್ನ ಹಾಲ್‌ನ ಗೋಡೆ ತೋರಿಸಿದ. ಚೆಂದದ ಫ್ರೇಮಿನೊಳಗೆ ಒಂದು ಕಪ್ಪುಬಿಳುಪು ಚಿತ್ರ. ‘ಒರಿಜಿನಲ್ ಶಗಾಲ್ ಕಣೋ, ಎಚಿಂಗ್!’ ಅಂದ. ‘ಬೈಬಲ್ ಪುಸ್ತಕದ್ದಲ್ವಾ? ಉಳಿದ 104 ಎಲ್ಲಿ?’ ಅಂತ ಕೇಳಿದೆ. ಅವನಿಗೆ ಅದು ಪುಸ್ತಕದ ಹಾಳೆ ಅನ್ನೋದೇ ಗೊತ್ತಿರಲಿಲ್ಲ. ಮಾರಿದವನು ಹೇಳಿರಲಿಲ್ಲ.

ನನ್ನ ಸಿಟ್ಟು ಗೆಳೆಯನ ಮೇಲಲ್ಲ, ಒಂದು ಪುಸ್ತಕವನ್ನು ಬಿಡಿಸಿ ಹಾಳೆ ಲೆಕ್ಕದಲ್ಲಿ ಮಾರುವ ಈ ದಂಧೆಯ ಮೇಲೆ.

ಆ ಪುಸ್ತಕ ಹುಟ್ಟಿದ್ದು ಹೇಗೆ ನೋಡಿ. ಪ್ಯಾರಿಸ್ಸಿನ ಕಲಾ ವ್ಯಾಪಾರಿ ಆಂಬ್ರೋವಾಝ್ ವೊಲಾರ್‌ಗಾಗಿ ಮಾರ್ಕ್ ಶಗಾಲ್ ಬೈಬಲ್ ಚಿತ್ರಗಳಿಗೆ ಕೈಹಾಕಿದ. 1931ರಲ್ಲಿ ಅದಕ್ಕೆಂದೇ ಪ್ಯಾಲೆಸ್ಟೀನ್ ನೋಡಿಬಂದ. 1939ರಲ್ಲಿ ವೊಲಾರ್ ಕಾರು ಅಪಘಾತದಲ್ಲಿ ತೀರಿಕೊಂಡ. ಅದರ ಬೆನ್ನಿಗೇ ಯುದ್ಧ. ಯಹೂದಿಯಾಗಿದ್ದ ಶಗಾಲ್ 1941ರಲ್ಲಿ ಜೀವ ಉಳಿಸಿಕೊಳ್ಳಲು ಅಮೆರಿಕಕ್ಕೆ ಹೋದ. ಅವನ ಹುಟ್ಟೂರು ವಿಟೆಬ್ಸ್ಕ್‌ನಲ್ಲಿ ಉಳಿದಿದ್ದ ಯಹೂದಿಗಳನ್ನು ನಾಜಿಗಳು ಕೊಂದರು. ಇಷ್ಟೆಲ್ಲ ಆದಮೇಲೆ, 1952ರಲ್ಲಿ, ಅದೇ ತಾಮ್ರದ ತಗಡುಗಳ ಮುಂದೆ ಆತ ಮತ್ತೆ ಕೂತ. 1956ರಲ್ಲಿ ಪ್ರಕಾಶಕ ಟೆರಿಯಾಡ್ 105 ಎಚಿಂಗ್‌ಗಳ ಎರಡು ಸಂಪುಟ ಹೊರತಂದ.

ಮನುಷ್ಯನ ಸೃಷ್ಟಿಯಿಂದ ಶುರುವಾಗಿ ಅಬ್ರಹಾಮ, ಮೋಶೆ, ದಾವೀದರನ್ನು ದಾಟಿ ಪ್ರವಾದಿಗಳವರೆಗೆ ಹೋಗುವ ದಾರಿ ಅದು. ಜೆರೂಸಲೇಮ್ ಶತ್ರುಗಳ ಕೈಸೇರುವ ಹಾಳೆಗೆ ಬಂದಾಗ ಓದುಗನಿಗೆ ವಿಟೆಬ್ಸ್ಕ್ ನೆನಪಾಗದೆ ಇರಲ್ಲ. ಅದೇ ಹಾಳೆಯನ್ನು ಕಿತ್ತು ಸೋಫಾದ ಮೇಲೆ ತೂಗುಹಾಕಿ, ಏನು ಉಳಿಯುತ್ತೆ? ಒಂದು ಸಹಿ, ಒಂದು ರೇಟು.

‘ಹಾಳೆಗಳು ಬಿಡಿಯಾಗೇ ಇದ್ವಲ್ಲ, ನಾವೇನು ಹರಿದ್ವಾ?’ ಅಂತಾರೆ ವ್ಯಾಪಾರಿಗಳು. ನಿಜ, ಪುಸ್ತಕಕ್ಕೆ ಹೊಲಿಗೆ ಇರಲಿಲ್ಲ. ಆದರೆ ಹೊಲಿಗೆ ಇಲ್ಲ ಅಂದಮಾತ್ರಕ್ಕೆ ಕ್ರಮವೂ ಇಲ್ಲ ಅಂತಲ್ಲ. ನಮ್ಮ ಓಲೆಗರಿ ಕಟ್ಟಿಗೂ ಇದ್ದದ್ದು ಒಂದು ದಾರ ಅಷ್ಟೇ. ಆ ದಾರ ಬಿಚ್ಚಿ ಗರಿಗಿಷ್ಟು ಅಂತ ಯಾರಾದ್ರೂ ಮಾರಿದ್ರೆ ಸುಮ್ಮನಿರ್ತೀವಾ? ಶಗಾಲ್ ಬಣ್ಣ ಹಚ್ಚಿಕೊಟ್ಟ 100 ಕಟ್ಟುಗಳೂ ಇವೆ. ಅವೂ 105 ಚಿತ್ರಗಳ ಪೂರ್ತಿ ಕಟ್ಟುಗಳೇ.

‘ಇಡೀ ಪುಸ್ತಕ ಶ್ರೀಮಂತರಿಗೆ ಮಾತ್ರ. ಒಂದು ಹಾಳೆಯಾದರೂ ಸಾಮಾನ್ಯರಿಗೆ ಸಿಗಲಿ ಬಿಡಿ’ ಅನ್ನೋದು ಇನ್ನೊಂದು ವಾದ. ಕೇಳೋಕೆ ಸಮಾಜವಾದದ ಹಾಗಿದೆ, ಆದರೆ ಲಾಭ ಹೋಗೋದು ಬಿಡಿಸಿದವನ ಜೇಬಿಗೆ. ಸಾಮಾನ್ಯರ ಚಿಂತೆ ಟೆರಿಯಾಡ್‌ಗೇ ಇತ್ತು. ಅದೇ 1956ರಲ್ಲಿ ತನ್ನ ‘ವರ್ವ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ 105 ಚಿತ್ರಗಳನ್ನೂ ಅಚ್ಚುಹಾಕಿದ. ದುಬಾರಿ ತುಣುಕಿಗಿಂತ ಅಗ್ಗದ ಇಡೀ ಪುಸ್ತಕ ಎಷ್ಟೋ ವಾಸಿ.

ಮುಂದೆ ನಿಮಗೆ ಯಾರಾದ್ರೂ ಶಗಾಲ್ ಹಾಳೆ ಮಾರೋಕೆ ಬಂದ್ರೆ ಬೆಲೆ ಆಮೇಲೆ ಕೇಳಿ. ಮೊದಲು ಕೇಳಬೇಕಾದ್ದು ಒಂದೇ: ಉಳಿದ 104 ಎಲ್ಲಿ ಸ್ವಾಮಿ?