ಉತ್ತರ ಓದುವ ಪುರುಸೊತ್ತು ಕೊಡಿ

2025ರ ಎಸ್‌ಎಸ್‌ಎಲ್‌ಸಿ ಪರೀಕ್ಷೆ–1ರಲ್ಲಿ ಕಲಬುರಗಿ ಜಿಲ್ಲೆಯ ಫಲಿತಾಂಶ ಶೇ 42.43. ರಾಜ್ಯದಲ್ಲಿ ಅದೇ ಕೊನೆಯ ಸ್ಥಾನ. ಮೊದಲ ಸ್ಥಾನದ ದಕ್ಷಿಣ ಕನ್ನಡ ಶೇ 91 ದಾಟಿತ್ತು. ಫಲಿತಾಂಶ ಕುಸಿದಾಗಲೆಲ್ಲ ನಮಗೆ ಮೊದಲು ಹೊಳೆಯುವ ಪರಿಹಾರ ಇನ್ನಷ್ಟು ಪರೀಕ್ಷೆ: ಘಟಕ ಪರೀಕ್ಷೆ, ಸರಣಿ ಪರೀಕ್ಷೆ, ಪೂರ್ವಸಿದ್ಧತಾ ಪರೀಕ್ಷೆ. ಆದರೆ ಹತ್ತನೇ ತರಗತಿಯಲ್ಲಿ ಅನುತ್ತೀರ್ಣವಾಗುವ ಮಗು ಆ ವರ್ಷ ಹಿಂದೆ ಬಿದ್ದದ್ದಲ್ಲ. ಮೂರನೆಯದರಲ್ಲೋ ನಾಲ್ಕನೆಯದರಲ್ಲೋ ಎಲ್ಲೋ ಒಂದು ಕಡೆ ಅದರ ದಾರಿ ತಪ್ಪಿತ್ತು. ಯಾರೂ ನೋಡಲಿಲ್ಲ.

ನಮ್ಮ ಜಿಲ್ಲೆಯ ಚಂದಾಪುರದ ಸುತ್ತಲಿನ ಯಾವುದೇ ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿಗೆ ಹೋಗಿ 52ರಲ್ಲಿ 38 ಕಳೆಯಲು ಹೇಳಿ. ಒಂದು ಮಗು 26 ಎಂದು ಬರೆಯುತ್ತದೆ, ಇನ್ನೊಂದು 24. ಎರಡೂ ತಪ್ಪು, ಎರಡಕ್ಕೂ ಸೊನ್ನೆ. ಹಾಗೇ ಪಕ್ಕದಲ್ಲಿ ಕೂತು, ಹೇಗೆ ಮಾಡಿದೆ ಎಂದು ಕೇಳಿ. 26 ಬರೆದದ್ದು, ‘ದೊಡ್ಡದರಾಗ ಸಣ್ಣದು ಕಳೀಬೇಕಲ್ರಿ ಸರ್’ ಎನ್ನುತ್ತದೆ. ಎಂಟರಲ್ಲಿ ಎರಡು ಕಳೆದಿದೆ, ಐದರಲ್ಲಿ ಮೂರು ಕಳೆದಿದೆ. ಅದು ಎರಡನೇ ತರಗತಿಯಲ್ಲಿ ನಾವೇ ಹೇಳಿಕೊಟ್ಟ ಮಾತು. 24 ಬರೆದ ಮಗುವಿಗೆ ಹತ್ತನ್ನು ಬಿಡಿಯಾಗಿ ಒಡೆಯುವುದು ಗೊತ್ತು. ಒಡೆದ ಮೇಲೆ ಹತ್ತರ ಸ್ಥಾನದಲ್ಲಿ ಒಂದು ಕಡಿಮೆಯಾಯಿತು ಎಂಬುದಷ್ಟೇ ಬಿಟ್ಟುಹೋಗಿದೆ. ಮೊದಲನೆಯದಕ್ಕೆ ಸ್ಥಾನಬೆಲೆಯನ್ನು ಕಡ್ಡಿಯ ಕಟ್ಟು ಹಿಡಿದು ಮೊದಲಿನಿಂದ ತೋರಿಸಬೇಕು. ಎರಡನೆಯದಕ್ಕೆ ಹತ್ತು ನಿಮಿಷ ಸಾಕು. ಅಂಕಪಟ್ಟಿಯ ಸೊನ್ನೆ ಈ ವ್ಯತ್ಯಾಸವನ್ನು ನುಂಗಿಹಾಕುತ್ತದೆ.

ನನ್ನ ಮಾತು ಇಷ್ಟೇ: ನಾಳಿನ ಪಾಠವನ್ನು ಬದಲಿಸದ ಮೌಲ್ಯಮಾಪನ ಮಗುವಿಗೆ ಉಪಯೋಗವಿಲ್ಲ.

ಇದು ಹೊಸ ಮಾತೂ ಅಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಮು ಮಗುವನ್ನು ಭಯ, ಆತಂಕಗಳಿಂದ ದೂರವಿಡಬೇಕು, ಅದರ ತಿಳಿವಳಿಕೆಯನ್ನು ನಿರಂತರವಾಗಿ, ವ್ಯಾಪಕವಾಗಿ ಅಳೆಯಬೇಕು ಎನ್ನುತ್ತದೆ. ಅದರಂತೆಯೇ ನಮ್ಮಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳು ಬಂದವು. ರೂಪಣಾತ್ಮಕದ ಉದ್ದೇಶವೇ ಕಲಿಯುತ್ತಿರುವಾಗ ತಿದ್ದುವುದು. ಶಾಲೆಗಳಲ್ಲಿ ಅದು ನಾಲ್ಕು ಕಿರುಪರೀಕ್ಷೆಗಳಾಗಿ, ಅಂಕ ತುಂಬುವ ನಮೂನೆಗಳಾಗಿ ಉಳಿಯಿತು. ಇದಕ್ಕೆ ಶಿಕ್ಷಕರನ್ನು ದೂರುವುದು ಅನ್ಯಾಯ. ಎರಡು–ಮೂರು ತರಗತಿಗಳನ್ನು ಒಟ್ಟಿಗೆ ನೋಡಿಕೊಳ್ಳುವ, ಬಿಸಿಯೂಟದಿಂದ ಸ್ಯಾಟ್ಸ್ ಎಂಬ ಆನ್‌ಲೈನ್ ವಿದ್ಯಾರ್ಥಿ ದಾಖಲೆಯವರೆಗೆ ಎಲ್ಲದರ ಲೆಕ್ಕ ಒಪ್ಪಿಸಬೇಕಾದ ಶಿಕ್ಷಕಿಗೆ ಅಂಕ ಏರಿಸುವ ಕೊನೆಯ ದಿನಾಂಕ ಇದೆ, ಉತ್ತರ ಓದಲು ಪುರುಸೊತ್ತಿಲ್ಲ. 2025–26ರಲ್ಲಿ ಈ ಹೊರೆಗೆ ಪಾಠ ಆಧಾರಿತ ಮೌಲ್ಯಾಂಕನವೂ ಸೇರಿಕೊಂಡಿತು.

ಶಿಕ್ಷಣ ಇಲಾಖೆ ಬೇರೆ ದಾರಿಯನ್ನೂ ಹಿಡಿಯಿತು. 2023ರಲ್ಲಿ 5 ಮತ್ತು 8ನೇ ತರಗತಿಗೆ, 2024ರಲ್ಲಿ 9 ಮತ್ತು 11ಕ್ಕೂ ರಾಜ್ಯಮಟ್ಟದ ಪರೀಕ್ಷೆ ನಡೆಯಿತು. ಹೈಕೋರ್ಟ್, ಸುಪ್ರೀಂ ಕೋರ್ಟ್ ನಡುವೆ ಅದು ಓಡಾಡಿ, 2024ರ ಏಪ್ರಿಲ್ 8ರಂದು ಫಲಿತಾಂಶಕ್ಕೇ ತಡೆ ಬಿತ್ತು. ಅಂಥ ಪರೀಕ್ಷೆಯಿಂದ ಮಾರ್ಚ್ ಕೊನೆಯಲ್ಲಿ ಮಗುವಿನ ಕೊರತೆ ಗೊತ್ತಾದರೂ ತಿದ್ದಲು ತರಗತಿಗಳೇ ಉಳಿದಿರುವುದಿಲ್ಲ.

ಒಳ್ಳೆಯ ಮಾದರಿಗೆ ನಾವು ದೂರ ಹೋಗಬೇಕಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ–ಕಲಿ ಇಂದು ಒಂದರಿಂದ ಮೂರನೇ ತರಗತಿಯವರೆಗೆ ರಾಜ್ಯದ ಸರ್ಕಾರಿ ಶಾಲೆಗಳಲ್ಲಿದೆ. ಅಲ್ಲಿ ಮಗು ಕಲಿಕಾ ಏಣಿಯ ಒಂದೊಂದೇ ಮೆಟ್ಟಿಲು ತನ್ನ ವೇಗದಲ್ಲಿ ಹತ್ತುತ್ತದೆ. ಮೌಲ್ಯಮಾಪನವೂ ಏಣಿಯಲ್ಲೇ ಒಂದು ಕಾರ್ಡು. ಎಡವಿದರೆ ಅಲ್ಲೇ ಮತ್ತೊಮ್ಮೆ ಅಭ್ಯಾಸ. ಸುಗ್ಗಿಗೋ ಗುಳೆಗೋ ತಂದೆ–ತಾಯಿಯ ಜೊತೆ ಹೋಗಿ ಬಂದ ತಾಂಡಾದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ನಾಲ್ಕಕ್ಕೆ ಬಂದೊಡನೆ ಈ ಅವಕಾಶ ಮುಗಿಯುತ್ತದೆ. ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಪುಟ.

ನಮ್ಮ ಭಾಗಕ್ಕೆ ಭಾಷೆಯ ಪ್ರಶ್ನೆಯೂ ಇದೆ. ಚಿಂಚೋಳಿಯ ತಾಂಡಾಗಳಲ್ಲಿ ಮನೆಮಾತು ಲಂಬಾಣಿ, ಕುಂಚಾವರಂ ಕಡೆ ತೆಲುಗು, ವಾಡಿ–ಶಹಾಬಾದದ ಎಷ್ಟೋ ಮನೆಗಳಲ್ಲಿ ಉರ್ದು. ಕನ್ನಡದ ಪ್ರಶ್ನೆ ಅರ್ಥವಾಗದ ಮಗುವನ್ನು ಗಣಿತ ಬಾರದ ಮಗು ಎಂದು ಬರೆದುಕೊಂಡರೆ ನಮ್ಮ ಅಳತೆಯೇ ಸುಳ್ಳಾಯಿತು. ಕೆಳ ತರಗತಿಗಳಲ್ಲಿ ಮೌಖಿಕ ಉತ್ತರವನ್ನು ಮನೆಮಾತಿನಲ್ಲಿ ಹೇಳಲು ಬಿಡಬೇಕು. ಅದೇ ಭಾಷೆಯ ಹಿರಿಯ ಮಕ್ಕಳ ನೆರವು ಪಡೆಯಬೇಕು.

ಅಂಕವಿಲ್ಲದೆ ಮಕ್ಕಳು ಓದುವುದಿಲ್ಲ ಎನ್ನುವವರಿದ್ದಾರೆ. ಇಸ್ರೇಲಿನ ಸಂಶೋಧಕಿ ರುತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಪರಿಶೀಲಿಸಿತ್ತು. ಕೆಲವು ಮಕ್ಕಳಿಗೆ ಅಂಕ, ಕೆಲವರಿಗೆ ಟಿಪ್ಪಣಿ, ಕೆಲವರಿಗೆ ಎರಡೂ. ಮುಂದಿನ ಕೆಲಸದಲ್ಲಿ ಸುಧಾರಿಸಿದ್ದು ಟಿಪ್ಪಣಿ ಮಾತ್ರ ಸಿಕ್ಕವರು. ಎರಡೂ ಸಿಕ್ಕವರಿಗೆ ಆ ಲಾಭ ಆಗಲಿಲ್ಲ. ಅಂಕ ಕಂಡ ಮಗು ಅಲ್ಲಿಗೇ ನಿಲ್ಲುತ್ತದೆ, ಏನು ಮಾಡಬೇಕೆಂದು ಹೇಳಿದರೆ ಮಾಡುತ್ತದೆ.

ಹಾಗಾಗಿ ಇಲಾಖೆಗೆ ನನ್ನ ಒತ್ತಾಯ ಮೂರು. ರೂಪಣಾತ್ಮಕ ಮೌಲ್ಯಮಾಪನದ ಅಂಕಗಳನ್ನು ಆನ್‌ಲೈನ್‌ನಲ್ಲಿ ತುಂಬಿಸುವುದನ್ನು ನಿಲ್ಲಿಸಿ, ಆ ಸಮಯವನ್ನು ಶಿಕ್ಷಕರಿಗೆ ಹಿಂತಿರುಗಿಸಿ. ನಾಲ್ಕು ಮತ್ತು ಐದನೇ ತರಗತಿಯಲ್ಲಿ ದಿನಕ್ಕೆ ಒಂದು ಅವಧಿಯನ್ನು, ಮಗು ಯಾವ ಮೆಟ್ಟಿಲಲ್ಲಿದೆಯೋ ಅಲ್ಲಿಂದ ಕಲಿಸಲು ಮೀಸಲಿಡಿ. ಖಾಲಿ ಹುದ್ದೆಗಳನ್ನು ತುಂಬಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣ ಕಟ್ಟಡಕ್ಕಿಂತ ಮೊದಲು ಈ ತರಗತಿಗಳಿಗೆ ಬರಲಿ.

ಶಾಲೆಗೆ ಭೇಟಿ ಕೊಡುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು (ಸಿಆರ್‌ಪಿ), ಶಿಕ್ಷಣಾಧಿಕಾರಿಗಳು ದಾಖಲೆ ಕೇಳುವ ಮೊದಲು ಇದೊಂದನ್ನು ಕೇಳಲಿ: ನಿನ್ನೆ ಮಕ್ಕಳು ಬರೆದ ಉತ್ತರ ನೋಡಿ ಇವತ್ತಿನ ಪಾಠದಲ್ಲಿ ಏನು ಬದಲಿಸಿದಿರಿ? ಈ ಪ್ರಶ್ನೆಗೆ ಉತ್ತರ ಇರುವ ಶಾಲೆಗಳು ಹೆಚ್ಚಿದರೆ ಕಲಬುರಗಿಯ ಫಲಿತಾಂಶ ತಾನಾಗಿ ಮೇಲೇರುತ್ತದೆ.