ಅರ್ಧ ಕೊಯ್ತಾಕ್ಕೂ ಹೆಸರಿರಲಿ



ಕಬ್ಬಿನ ದರಕ್ಕಾಗಿ ನಾವು ಬೆಳೆಗಾರರು ರಸ್ತೆಗಿಳಿಯುತ್ತೇವೆ. ಅದು ನ್ಯಾಯವೇ. ಆದರೆ ಮಹಾರಾಷ್ಟ್ರದ ಬೀಡ್ ಕಡೆಯಿಂದ ಬಂದು ನಮ್ಮ ಕಬ್ಬು ಕಡಿಯುವವರ ಮಾತನ್ನು ಅಲ್ಲಿ ಯಾರೂ ಎತ್ತುವುದಿಲ್ಲ. ಕೂಲಿಯ ಲೆಕ್ಕದಲ್ಲಿ ಗಂಡ-ಹೆಂಡತಿ ಸೇರಿ ಒಂದು ‘ಕೊಯ್ತಾ’ (ಕುಡುಗೋಲು), ಹೆಂಡತಿ ಅರ್ಧ. ಮುಂಗಡ ಕೊಟ್ಟ ಮುಕಾದಮನ (ಕೂಲಿ ಗುತ್ತಿಗೆದಾರನ) ವಹಿಯಲ್ಲಿ ಆಕೆಗೆ ಬೇರೆ ಕೂಲಿಯಿಲ್ಲ. ಒಂದು ದಿನ ತಪ್ಪಿದರೆ ದಂಡ ಮಾತ್ರ ಉಂಟು. ಮುಟ್ಟಿನ ದಿನ ಕೆಲಸ ತಪ್ಪೀತೆಂದು ಗರ್ಭಕೋಶವನ್ನೇ ತೆಗೆಸಿಕೊಂಡ ಬೀಡ್‌ನ ಹೆಣ್ಣುಮಕ್ಕಳ ಸುದ್ದಿ ಓದಿದ್ದು 2019ರಲ್ಲಿ. ಆ ಸಂಕಟ ನನಗಿನ್ನೂ ಹೋಗಿಲ್ಲ. ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಬಂದದ್ದು 1979ರಲ್ಲಿ. ಆದರೂ ನಮ್ಮ ಹೊಲದಂಚಿನ ಇವರ ತಾಡಪತ್ರಿ ಗುಡಿಸಲಿಗೆ ಇಂದಿಗೂ ನೀರಿಲ್ಲ, ಶೌಚಾಲಯವಿಲ್ಲ. ಹಂಗಾಮಿಗೆ ಮುನ್ನವೇ ಕಾರ್ಖಾನೆಗಳು ಪ್ರತಿ ಹೆಣ್ಣಾಳಿನ ಹೆಸರು ಬರೆದುಕೊಂಡು, ಕೂಲಿಯನ್ನು ಆಕೆಯ ಖಾತೆಗೇ ಹಾಕಬೇಕು. ರೈತ ಸಂಘಟನೆಗಳು ದರದ ಜೊತೆಗೇ ಇದನ್ನೂ ಕೇಳಲಿ.

– ಒಬ್ಬ ಕಬ್ಬು ಬೆಳೆಗಾರ, ಜಮಖಂಡಿ ತಾಲ್ಲೂಕು